ಎಸ್ತೇರಬಾಯಿಯ ಶನಿವಾರಗಳು

ಎಸ್ತೇರಬಾಯಿಗೆ ಕೂರಲು ಬರುತ್ತಿರಲಿಲ್ಲ. ನಮ್ಮ ಮನೆಗೆ ಬಂದರೆ ಹೊಸ್ತಿಲ ಒಳಗೆ ಒಂದು ಕಾಲು, ಹೊರಗೆ ಒಂದು ಕಾಲು. ಬಶಿಗೆ ಚಹಾ ಸುರಿದುಕೊಂಡು, ಊದಿ, ಒಂದೇ ಉಸಿರಿಗೆ ಕುಡಿದು ಕಪ್ಪನ್ನು ನನ್ನ ಕೈಗೆ ಕೊಡುವಷ್ಟರಲ್ಲಿ ಅರ್ಧ ಮೆಟ್ಟಿಲು ಇಳಿದಾಗಿರುತ್ತಿತ್ತು. ಲೋಕಲ್‌ನಲ್ಲಿ ಸೀಟು ಖಾಲಿ ಇದ್ದರೂ ಬಾಗಿಲ ಹತ್ತಿರದ ಕಂಬ ಹಿಡಿದು ನಿಲ್ಲುವಾಕೆ. ಚರ್ಚಿನಲ್ಲಿ ಕಡೆಯ ಬೆಂಚಿನ ಹಿಂದೆ ಗೋಡೆಗೆ ಆತು ನಿಂತು ಪ್ರಸಂಗ ಕೇಳುತ್ತಿದ್ದಳು, ಅದೂ ಅರ್ಧ. “ಕೂಡ್ರಿ ಬಾಯಾರ” ಎಂದರೆ, “ಕುಂತ್ರ ಮೊಣಕಾಲು ಹಿಡಿತಾವ ತಂಗಿ” ಎಂಬ ಉತ್ತರ ತಯಾರು. ಊರ ಮಂದಿಗೆಲ್ಲ ನಿಂತರೆ ಹಿಡಿಯುವ ಮೊಣಕಾಲು ಈಕೆಗೆ ಕೂತರೆ ಹಿಡಿಯುತ್ತಿತ್ತು. ಏನು ಹೇಳೋಣ.

ವಿಕ್ರೋಳಿ ಸ್ಟೇಷನ್ನಿನ ಪಶ್ಚಿಮಕ್ಕಿದ್ದ ನಮ್ಮ ಚಾಳಿನ ಮೇಲಿನ ಮಾಳಿಗೆಯಲ್ಲಿ ಆಕೆಯ ಖೋಲಿ, ಅದರ ಕೆಳಗಿನ ಮಾಳಿಗೆಯಲ್ಲಿ ನಮ್ಮದು. ನನ್ನ ಗಂಡ ಜಯಕುಮಾರ ಅಲ್ಲೇ ಒಂದು ಕಾರ್ಖಾನೆಯಲ್ಲಿ ಫಿಟ್ಟರ್. ಆಕೆ ಹೆರಿಗೆ ಆಸ್ಪತ್ರೆಯಲ್ಲಿ ಸೂಲಗಿತ್ತಿ ನರ್ಸು. ಬೆಟಗೇರಿಯ ನೇಕಾರರ ಓಣಿಯಲ್ಲಿ ಹುಟ್ಟಿ, ಮಿಷನ್ ದವಾಖಾನೆಯಲ್ಲಿ ಕೆಲಸ ಕಲಿತು, ಗಂಡ ತೀರಿಕೊಂಡ ಮೇಲೆ ಮುಂಬಯಿಗೆ ಬಂದವಳು. ಉದ್ದ ಆಳು, ಗಂಜಿ ಹಾಕಿದ ಬಿಳಿ ಸೀರೆ, ಬಗಲಲ್ಲಿ ಕೊಡೆ. ಹೆರಿಗೆಯ ಕೋಣೆಯಲ್ಲಿ ಕೂಗಿ ಕೂಗಿ ಆಕೆಯ ದನಿ ಸಣ್ಣದಾಗಲು ಮರೆತಿತ್ತು. ಅರವತ್ತರ ದಶಕದ ಕಡೆಯ ಆ ವರ್ಷಗಳಲ್ಲಿ ದಕ್ಷಿಣದವರು ಹೊರಗೆ ಹೋಗಲಿ ಎಂಬ ಗಲಾಟೆ ಊರಲ್ಲಿ ಎದ್ದಿತ್ತು. ಲೋಕಲ್‌ನಲ್ಲಿ ನಾವೆಲ್ಲ ಕನ್ನಡವನ್ನು ಪಿಸುಮಾತಿಗೆ ಇಳಿಸಿದ್ದೆವು. ಈಕೆ ಮಾತ್ರ ಡಬ್ಬಿಯ ಆ ತುದಿಯಿಂದ, “ಪ್ರೇಮಾ, ದಾದರ ಬಂತವಾ, ಇಳಿ” ಎಂದು ಒದರುವಳು. ಒಮ್ಮೆ ಒಬ್ಬ ಗಂಡಸು ಮದ್ರಾಸಿ ಗಿದ್ರಾಸಿ ಎಂದು ಗೊಣಗಿದ. ಎಸ್ತೇರಬಾಯಿ ಅವನ ಕಡೆ ತಿರುಗಿ ಅಚ್ಚ ಮರಾಠಿಯಲ್ಲಿ, ನಿನ್ನ ಹೆಂಡತಿಯ ಬಾಣಂತನ ಮಾಡಿದವಳು ನಾನೇ ಇರಬೇಕು, ಮಗು ಹೆಂಗಿದೆ ಎಂದು ಕೇಳಿದಳು. ಅವನು ಮುಂದಿನ ಸ್ಟೇಷನ್ನಿನಲ್ಲಿ ಇಳಿದುಹೋದ.

ನಮ್ಮ ಸಭೆಯ ಬಗ್ಗೆ ಹೇಳದೆ ಆಕೆಯ ಬಗ್ಗೆ ಹೇಳಲಾಗದು. ಮುಂಬಯಿಯಲ್ಲಿ ಕನ್ನಡ ಕ್ರೈಸ್ತರು ನಾವು ಬೆರಳೆಣಿಕೆಯ ಮನೆಗಳು. ಧಾರವಾಡ, ಗದಗು, ಹುಬ್ಬಳ್ಳಿಯ ಕಡೆಯವರು ಕೆಲವರು, ಮಂಗಳೂರು ಉಡುಪಿಯವರು ಕೆಲವರು. ಅಂಬರನಾಥದಿಂದ ಗ್ರಾಂಟ್ ರೋಡಿನ ತನಕ ಚೆಲ್ಲಿಹೋಗಿದ್ದೆವು. ನಮ್ಮದೆಂಬ ಗುಡಿ ಇರಲಿಲ್ಲ. ಗ್ರಾಂಟ್ ರೋಡಿನ ಹತ್ತಿರ ಮರಾಠಿ ಸಭೆಯವರ ಚರ್ಚನ್ನು ಭಾನುವಾರ ಮಧ್ಯಾಹ್ನ ಬಿಟ್ಟುಕೊಡುತ್ತಿದ್ದರು. ಬೆಳಿಗ್ಗೆ ಅವರ ಆರಾಧನೆ, ಸಂಜೆ ತಮಿಳರದು, ನಡುವೆ ನಮ್ಮದು. ಕಡೆಯ ಹಾಡು ಎಳೆದರೆ ಬಾಗಿಲಲ್ಲಿ ತಮಿಳರು ನಿಂತು ಗಡಿಯಾರ ನೋಡುವರು. ನಮಗೆ ಸ್ವಂತ ಪಾದ್ರಿಯೂ ಇರಲಿಲ್ಲ. ಹಿರಿಯರೊಬ್ಬರು ವಾಕ್ಯ ಓದಿ ಪ್ರಾರ್ಥನೆ ನಡೆಸುತ್ತಿದ್ದರು. ಎರಡು ತಿಂಗಳಿಗೊಮ್ಮೆ ಧಾರವಾಡದ ಕಡೆಯಿಂದ ಪಾದ್ರಿ ಅಯ್ಯನವರು ಬಂದಾಗ ಮಾತ್ರ ನಮಗೆ ಕರ್ತನ ಭೋಜನ. ರೊಟ್ಟಿ, ದ್ರಾಕ್ಷಾರಸ ಹಂಚಿಕೊಳ್ಳುವ ಆ ಭಾನುವಾರ ಬಂತೆಂದರೆ ಅಷ್ಟೂ ಮನೆಗಳಲ್ಲಿ ಹಬ್ಬದ ಕಳೆ.

“ಕಟ್ಟಡ ಮರಾಠಿಯವರದು, ಬೆಂಚು ಮರಾಠಿಯವರವು, ಬಾಜಾ ಪೆಟ್ಟಿಗಿ ಸುದ್ದಾ ಅವರದ,” ಎನ್ನುತ್ತಿದ್ದಳು ಎಸ್ತೇರಬಾಯಿ. “ನಮ್ಮದಂತ ಇರೂದು ಏನು? ನಾವಷ್ಟ. ಸಭಿಗೆ ಸೇರೀನಿ ಅಂದ್ರ ಹೆಸರು ಹಚ್ಚಿಸಿದ್ರ ಮುಗೀಲಿಲ್ಲ ತಂಗಿ. ಬ್ಯಾನಿ ಬಿದ್ದವರ ಮನಿಗೆ ಹೋಗೂದು ನಿನ್ನ ಕೆಲಸ, ಸತ್ತವರಿಗೆ ಹೆಗಲು ಕೊಡೂದು ನಿನ್ನ ಕೆಲಸ, ರಾಗ ಬರದಿದ್ರೂ ಬಾಯಿ ತೆರಿಯೂದು ನಿನ್ನ ಕೆಲಸ. ಪಾದ್ರಿ ಬಂದು ಮಾಡ್ತಾರಂತ ಕುಂತ್ರ, ಪಾದ್ರಿ ಧಾರವಾಡದಾಗ ಅದಾರ.”

ನಾನು ಮದುವೆಯಾಗಿ ಧಾರವಾಡದಿಂದ ಬಂದು ಸಂಸಾರ ಹೂಡಿದ ಮೊದಲ ವಾರ. ಶನಿವಾರ ಬೆಳಿಗ್ಗೆ ಬಾಗಿಲು ಬಡಿದ ಸದ್ದಾಯಿತು. ತೆರೆದರೆ ಕೊಡೆ ಹಿಡಿದ ಈ ಹೆಂಗಸು. ಹೆಸರು ಕೇಳಲಿಲ್ಲ, ಊರು ಕೇಳಲಿಲ್ಲ. “ನಾಳೆ ಭೋಜನ ಐತಿ. ಯಾರ ಜೋಡಿಯರ ಮಾತು ಬಿಟ್ಟೀಯೇನವಾ?” ಎಂದಳು.

ನನಗೆ ಸಿಟ್ಟೇ ಬಂತು. ಮುಂಬಯಿಗೆ ಬಂದು ನಾಲ್ಕು ದಿನ ಆಗಿಲ್ಲ, ಮಾತು ಬಿಡಲು ಮೊದಲು ಮಾತಾಡಿದವರು ಬೇಕಲ್ಲ. “ನನಗ ಇಲ್ಲಿ ಯಾರೂ ಗುರ್ತಿಲ್ರೀ” ಎಂದೆ.

“ಗಂಡ ಗುರ್ತ ಇದ್ದಾನಲ?”

ಹಿಂದಿನ ದಿನ ನಮ್ಮೆಜಮಾನರು ಊರಿಂದ ಬಂದ ತಮ್ಮ ಅಣ್ಣನೆದುರು, ಇವಳ ರೊಟ್ಟಿ ತಿನ್ನಲು ಸುತ್ತಿಗೆ ಬೇಕು ಎಂದು ನಕ್ಕಿದ್ದರು. ಅಂದಿನಿಂದ ನಾನು ಮೌನವ್ರತ ಹಿಡಿದಿದ್ದೆ. ಎಸ್ತೇರಬಾಯಿ ನನ್ನ ಮುಖ ನೋಡಿಯೇ ತಿಳಿದುಕೊಂಡು, ಸ್ಟೇಷನ್ನಿನ ಆಚೆ ಕಾರ್ಖಾನೆಯ ಗೇಟಿನ ತನಕ ನಡೆದುಹೋಗಿ, ಕಾವಲುಗಾರನಿಂದ ಇವರನ್ನು ಹೊರಗೆ ಕರೆಸಿ, ಕ್ಯಾಂಟೀನಿನಲ್ಲಿ ತುತ್ತು ಮುಟ್ಟಬೇಡ, ಹಸಿದು ಮನೆಗೆ ಹೋಗಿ ಹೆಂಡತಿಯ ಹತ್ತಿರ ಬೇಡಿ ಉಣ್ಣು ಎಂದು ಹೇಳಿ ಬಂದಳು. ಶನಿವಾರ ಅರ್ಧ ದಿನದ ಕೆಲಸ ಮುಗಿಸಿ ಇವರು ಬಂದಾಗ ಮುಖ ಬಾಡಿತ್ತು. “ಪ್ರೇಮಾ, ರೊಟ್ಟಿ ನೀಡು” ಎಂದರು. ಹಸಿದವರಿಗೆ ಇಲ್ಲ ಎನ್ನಲು ಯಾವ ಹೆಂಗಸಿಗೆ ಬಾಯಿ ಬರುತ್ತದೆ. ಸುತ್ತಿಗೆಯಿಲ್ಲದೆಯೇ ಎಲ್ಲವನ್ನೂ ತಿಂದರು.

ಇದೇ ಆಕೆಯ ಪದ್ಧತಿ. ಜಗಳವಾದವರಲ್ಲಿ ಒಬ್ಬರು ಇನ್ನೊಬ್ಬರ ಮನೆಗೆ ಊಟದ ಹೊತ್ತಿಗೆ ಖಾಲಿ ಹೊಟ್ಟೆಯಲ್ಲಿ ಹೋಗಬೇಕು. ಕೈಯಲ್ಲಿ ಹಣ್ಣು ಹಂಪಲು ಒಯ್ಯಬಾರದು, ತಪ್ಪು ಯಾರದೆಂದು ಎತ್ತಬಾರದು. ಹಸಿವಾಗಿದೆ, ನೀಡಿ ಎನ್ನಬೇಕು. ಅವರು ನೀಡಿದರೆ ರಾಜಿಯಾದಂತೆ. ಬೆಟಗೇರಿಯ ಓಣಿಯಲ್ಲಿ ಆಕೆಯ ತಾಯಿ ಹೀಗೆಯೇ ನೇಕಾರರ ಜಗಳ ಬಿಡಿಸುತ್ತಿದ್ದಳಂತೆ. “ಉಂಡು ಹೋದ್ರ ಬಾಯಿ ಮಾತಾಡತೈತಿ, ಹಸಿದು ಹೋದ್ರ ಹೊಟ್ಟಿ ಮಾತಾಡತೈತಿ. ಹೊಟ್ಟಿಗೆ ಸೊಕ್ಕಿಲ್ಲ ತಂಗಿ,” ಎನ್ನುವಳು. ಮನಸ್ಸಿನಲ್ಲಿ ಮುನಿಸು ಇಟ್ಟುಕೊಂಡು ಭೋಜನಕ್ಕೆ ಬರುವಂತಿಲ್ಲ ಎಂಬುದು ನಮ್ಮ ಸಭೆಗಳ ಹಳೆಯ ಕಟ್ಟಳೆ. ಊರಲ್ಲಾದರೆ ಹಿಂದಿನ ವಾರ ಹಿರಿಯರು ಮನೆ ಮನೆಗೆ ಹೋಗಿ ವಿಚಾರಿಸುತ್ತಿದ್ದರು. ಮುಂಬಯಿಯಲ್ಲಿ ಯಾರಿಗೆ ಪುರುಸೊತ್ತು. ಆ ಕೆಲಸವನ್ನು ಯಾರೂ ಕೊಡದೆಯೇ ಎಸ್ತೇರಬಾಯಿ ಎತ್ತಿಕೊಂಡಿದ್ದಳು. ಭೋಜನದ ಹಿಂದಿನ ಶನಿವಾರ ಎಂದರೆ ಡ್ಯೂಟಿ ಬದಲಿಸಿಕೊಂಡು, ಬೆಳಕು ಹರಿಯುತ್ತಲೇ ಖೋಲಿಗೆ ಬೀಗ ಜಡಿದು ಹೊರಟುಬಿಡುವಳು. ವಾಪಸ್ಸು ಬರುವುದು ದೀಪ ಹಚ್ಚಿದ ಮೇಲೆ.

ಕೆಲವು ಸಲ ನಾನೂ ಜೊತೆಗೆ ಹೋದೆ. ಮನೆಯಲ್ಲಿ ಒಬ್ಬಳೇ ಕೂತು ಮಾಡುವುದೇನಿತ್ತು. ಒಮ್ಮೆ ಬಾಜಾ ಪೆಟ್ಟಿಗೆ ನುಡಿಸುವ ಸಮುವೇಲ ಮಾಸ್ತರಿಗೂ ಮಾಟುಂಗದ ಲಿಲ್ಲಿಯಕ್ಕನಿಗೂ ಹಾಡಿನ ವಿಷಯಕ್ಕೆ ಹತ್ತಿಕೊಂಡಿತ್ತು. ಮಾಸ್ತರು ಹುಬ್ಬಳ್ಳಿಯವರು, ಒಂದು ಸಾಲನ್ನು ಎತ್ತಿನ ಬಂಡಿಯಂತೆ ಎಳೆಯುವರು. ಲಿಲ್ಲಿಯಕ್ಕ ಮಂಗಳೂರಿನವರು. “ಇವರು ಆಮೆನ್ ಹೇಳುವಾಗ ನನಗೆ ನಿದ್ದೆ ಬಂದು ಎಚ್ಚರ ಆಗಿರ್ತದೆ” ಎಂದು ಎಲ್ಲರೆದುರು ಹೇಳಿಬಿಟ್ಟಿದ್ದರು. ಎಸ್ತೇರಬಾಯಿ ಮಾಸ್ತರನ್ನು ಪರಳದ ಅವರ ಚಾಳಿನಿಂದ ಎಬ್ಬಿಸಿ, ತಿಂಡಿ ತಿನ್ನಲು ಬಿಡದೆ, ಮಧ್ಯಾಹ್ನ ಮಾಟುಂಗಕ್ಕೆ ನಡೆಸಿಕೊಂಡು ಹೋದಳು. ಲಿಲ್ಲಿಯಕ್ಕ ಬಾಗಿಲು ತೆರೆದು, ಮಾಸ್ತರ ಒಣಗಿದ ತುಟಿ ನೋಡಿ, ಮಾತಿಲ್ಲದೆ ಒಳಗೆ ಹೋಗಿ ಕುಚ್ಚಲಕ್ಕಿ ಅನ್ನ, ಬಂಗುಡೆ ಸಾರು ಬಡಿಸಿದರು. ಜೋಳದ ರೊಟ್ಟಿಯ ಮನುಷ್ಯ ಆ ದಪ್ಪ ಅಗುಳನ್ನು ಒಂದೊಂದಾಗಿ ನುಂಗಿದ್ದನ್ನು ನೋಡಿ ನನಗೆ ನಗು ತಡೆಯಲಿಲ್ಲ. ಮರುದಿನ ಹಾಡು ಹುಬ್ಬಳ್ಳಿಯ ಗತಿಯಲ್ಲೂ ಇರಲಿಲ್ಲ, ಮಂಗಳೂರಿನ ಗತಿಯಲ್ಲೂ ಇರಲಿಲ್ಲ, ಆದರೂ ಎಲ್ಲರೂ ಕೂಡಿ ಮುಗಿಸಿದರು.

ನಾನು ಜೊತೆಗೆ ಹೋಗದ ಒಂದು ಶನಿವಾರ ಮಧ್ಯಾಹ್ನ ನೀರು ಹಿಡಿಯಲು ಹೊರಗೆ ಬಂದರೆ ಮೆಟ್ಟಿಲ ಮೇಲೆ ಒಬ್ಬ ತೆಳ್ಳನೆಯ ಮನುಷ್ಯ ಕೂತಿದ್ದ. ಐವತ್ತರ ಮೇಲಿನ ವಯಸ್ಸು, ಒಗೆದ ಧೋತರ, ಉಗುರಿನ ಸಂದಿಯಲ್ಲಿ ಕಪ್ಪು ಮಸಿ. ಯಾರು ಬೇಕಿತ್ತು ಎಂದೆ. “ಎಸ್ತೇರಬಾಯಿ,” ಎಂದ. ಆಕೆ ಸಂಜೆಗೆ ಬರುತ್ತಾಳೆ, ಬಿಸಿಲಿನಲ್ಲಿ ಬಂದಿದ್ದೀರಿ, ಚಹಾ ಕುಡಿಯಿರಿ ಎಂದೆ.

“ಬ್ಯಾಡ ತಂಗಿ. ಖಾಲಿ ಹೊಟ್ಟಿಲೆ ಇರಬೇಕು.”

ನರ್ಸಬಾಯಿಯ ಮನೆ ಬಾಗಿಲಲ್ಲಿ ಖಾಲಿ ಹೊಟ್ಟೆ ಎಂದರೆ ನಾನು ತಿಳಿದುಕೊಳ್ಳುವುದೇನು. ರಕ್ತ ಪರೀಕ್ಷೆಗೆ ಬಂದಿರಬೇಕು ಪಾಪ ಎಂದುಕೊಂಡೆ. ಊಟದ ಹೊತ್ತು ಮೀರುವ ತನಕ ಕೂತು, ಎದ್ದು ಧೋತರ ಕೊಡವಿಕೊಂಡು ಹೋದ. ಸಂಜೆ ಎಸ್ತೇರಬಾಯಿಗೆ, “ರಕ್ತ ಕೊಡ್ಲಿಕ್ಕೆ ಒಬ್ಬರು ಬಂದಿದ್ರು ನೋಡ್ರಿ” ಎಂದು ಹೇಳಿದೆ. ಆಕೆ ಹೂಂ ಎಂದಳು. ಕೈಚೀಲ ಕೆಳಗಿಟ್ಟಳು, ಮತ್ತೆ ಎತ್ತಿಕೊಂಡಳು, ಕರಿಬೇವು ತರಬೇಕು ಎಂದು ಬಂದ ಕಾಲಲ್ಲೇ ಇಳಿದುಹೋದಳು. ಮುಂದೆ ನೋಡಿದರೆ ಆ ಮನುಷ್ಯ ಪ್ರತಿ ಭೋಜನದ ಶನಿವಾರವೂ ಬರುತ್ತಿದ್ದ. ಎರಡು ತಿಂಗಳಿಗೊಮ್ಮೆ ಅದೆಂಥ ರಕ್ತ ಪರೀಕ್ಷೆ ಎಂದು ನನಗೆ ಆಗಲಾದರೂ ಹೊಳೆಯಬೇಕಿತ್ತು, ಹೊಳೆಯಲಿಲ್ಲ.

ಇನ್ನೊಂದು ಸಂಗತಿಯನ್ನೂ ಕಣ್ಣಾರೆ ಕಂಡಿದ್ದೆ. ಭೋಜನದ ಮೇಜಿಗೆ ಬಿಳಿ ಬಟ್ಟೆ ಇಸ್ತ್ರಿ ಮಾಡಿ ತರುವವಳು ಎಸ್ತೇರಬಾಯಿ, ಬಟ್ಟಲು ತೊಳೆದಿಡುವವಳು ಎಸ್ತೇರಬಾಯಿ. ಜನ ಎದ್ದು ಸಾಲಾಗಿ ಮುಂದೆ ಹೋಗುವ ಹೊತ್ತಿಗೆ ಆಕೆ ಅಂಗಳದಲ್ಲಿರುತ್ತಿದ್ದಳು, ಎರಡೂ ಕಂಕುಳಲ್ಲಿ ಯಾರ ಯಾರದೋ ಕೂಸುಗಳು. “ಅಳತಾವ, ನೀವು ಹೋಗ್ರಿ, ಹೋಗ್ರಿ” ಎಂದು ತಾಯಂದಿರನ್ನು ಒಳಗೆ ತಳ್ಳುವಳು. ಎಂಥ ತ್ಯಾಗ ಎಂದು ನಾವೆಲ್ಲ ಹೊಗಳುತ್ತಿದ್ದೆವು.

ಆ ಹೊಗಳಿಕೆಯ ಬಣ್ಣ ಬಯಲಾದದ್ದು ಮತ್ತೆ ಮಾಟುಂಗದಲ್ಲೇ. ಕೆಲವು ವರ್ಷ ಕಳೆದು ಮಾಸ್ತರಿಗೂ ಲಿಲ್ಲಿಯಕ್ಕನಿಗೂ ಇನ್ನೊಮ್ಮೆ ಕೆಟ್ಟಿತು. ಈ ಸಲ ಹಸಿದು ಹೋಗುವ ಸರದಿ ನಿಮ್ಮದು ಎಂದು ಹೇಳಲು ಎಸ್ತೇರಬಾಯಿ ಹೋದಾಗ ನಾನೂ ಇದ್ದೆ. ಲಿಲ್ಲಿಯಕ್ಕನಿಗೆ ಮೊದಲೇ ತಲೆ ಬಿಸಿ. ಸೆರಗು ಸೊಂಟಕ್ಕೆ ಸಿಕ್ಕಿಸಿಕೊಂಡು ಹೇಳಿಯೇಬಿಟ್ಟರು:

“ಊರಿಗೆಲ್ಲ ಹಸಿದು ಹೋಗಿ ಅಂತ ಹೇಳ್ತೀರಲ್ಲ ಬಾಯಿಯವರೇ, ನಿಮ್ಮ ತಮ್ಮ ಹಸಿದುಕೊಂಡು ನಿಮ್ಮ ಬಾಗಿಲಿಗೆ ಬಂದು ಬೀಗ ನೋಡಿ ಹೋಗುದು ನಮಗೆ ಗೊತ್ತಿಲ್ವಾ? ನಮ್ಮವರೂ ಅವರೂ ಒಂದೇ ಪ್ರೆಸ್ಸಲ್ಲಿ ಇರುದು. ನೀವು ಶನಿವಾರ ಮನೆ ಮನೆ ತಿರುಗುದು ನಮ್ಮ ಉದ್ಧಾರಕ್ಕಲ್ಲ. ಮನೆಯಲ್ಲಿದ್ರೆ ಅವರಿಗೆ ಬಡಿಸಬೇಕಾಗ್ತದೆ, ಅದಕ್ಕೆ.”

ಹೇಳಿದ ಮೇಲೆ ಲಿಲ್ಲಿಯಕ್ಕ ತಾವೇ ಬಾಯಿಗೆ ಕೈ ಹಿಡಿದುಕೊಂಡರು. ಎಸ್ತೇರಬಾಯಿ ಕೊಡೆ ಎತ್ತಿಕೊಂಡು ಮೆಟ್ಟಿಲು ಇಳಿದಳು. ನಾನು ಹಿಂದೆ ಓಡಿದೆ. ಮಾಟುಂಗ ಸ್ಟೇಷನ್ನಿನಲ್ಲಿ ಒಂದರ ಹಿಂದೆ ಒಂದು ಲೋಕಲ್ ಬಂದು ಹೋದವು, ಆಕೆ ಹತ್ತಲಿಲ್ಲ. ಪ್ಲಾಟ್‌ಫಾರ್ಮಿನ ಈ ತುದಿಯಿಂದ ಆ ತುದಿಗೆ ನಡೆಯುತ್ತಲೇ ಇದ್ದಳು, ನಾನೂ ಜೊತೆಗೆ. ನಡೆಯುತ್ತಲೇ ಹೇಳಿದಳು.

ತಮ್ಮನ ಹೆಸರು ದಾನಿಯೇಲ, ಕರೆಯುವುದು ದಾನಪ್ಪ ಎಂದು. ಗ್ರಾಂಟ್ ರೋಡಿನಲ್ಲಿ ಒಂದು ಅಚ್ಚುಕೂಟದಲ್ಲಿ ಅಚ್ಚಿನ ಮೊಳೆ ಜೋಡಿಸುವವನು, ಅಲ್ಲೇ ಹತ್ತಿರ ಅವನ ಖೋಲಿ, ಮದುವೆಯಾದವನಲ್ಲ. ಬೆಟಗೇರಿಯಲ್ಲಿ ತಾಯಿಗೆ ಕಡೆಗಾಲ ಬಂದಾಗ ತಾರು ಬಂದದ್ದು ಅವನ ಪ್ರೆಸ್ಸಿಗೆ. ಅವನು ಅಂದೇ ರೈಲು ಹತ್ತಿ ಹೋದ, ತಾಯಿಯ ಕೈ ಹಿಡಿದು ಕೂತ, ಮಣ್ಣು ಕೊಟ್ಟು ಬಂದ. ವಿಕ್ರೋಳಿಯಲ್ಲಿದ್ದ ಅಕ್ಕನಿಗೆ ಸುದ್ದಿ ಗೊತ್ತಾದದ್ದು ಎಲ್ಲ ಮುಗಿದ ಮೇಲೆ.

“ಅವ್ವನ ಮಾರಿ ಕಾಣಲಿಲ್ಲ ನಾನು. ಊರ ಮಂದೀದೆಲ್ಲಾ ಬಾಣಂತನ ಮಾಡಿದಾಕಿ, ನನ್ನ ಹಡದಾಕಿ ಹೋಗುವಾಗ ಯಾರದೋ ಹೆರಿಗಿ ಮಾಡಕೋತ ನಿಂತಿದ್ನಿ. ಯಾಕ ಹೇಳಲಿಲ್ಲೋ ಅಂತ ಕೇಳಿದ್ನಿ. ಬಾಯಿ ಬಿಡಲಿಲ್ಲ. ತೆಲಿ ಕೆಳಗ ಹಾಕಿ ನಿಂತ. ಏನರ ಒಂದು ಸುಳ್ಳು ಹೇಳಬೇಕಿತ್ತು. ತಾರು ತಡಾ ಆತು, ನಿನಗ ರಜಾ ಸಿಗೂದಿಲ್ಲಂತ ಬಿಟ್ಟೆ, ಏನರ. ನಂಬತಿದ್ನಿ ತಂಗಿ.”

“ಈಗ ಬರ್ತಾರಲ್ರೀ ಪಾಪ, ಹಸಿದು,” ಎಂದೆ.

“ಬರ್ತಾನ. ಅವ್ವನ ಪದ್ಧತಿ ಅವಗೂ ಗೊತ್ತೈತಿ. ನಾನು ಮನ್ಯಾಗಿದ್ರ ನೀಡಬೇಕು. ನೀಡಿದ್ರ ಮುಗೀತು. ಮುಗಿಸಾಕ ಮನಸಿಲ್ಲ ನನಗ.” ಆಕೆ ನಿಂತಳು. “ಅವ್ವಂದು ಅಂತ ನನ್ನ ಕಡೆ ಉಳಿದದ್ದು ಆ ಸಿಟ್ಟೊಂದ.”

ದಾನಪ್ಪ ಅಕ್ಕನ ಎದುರಿಗೆ ಬರಬಾರದೆಂದು ಕನ್ನಡ ಆರಾಧನೆ ಬಿಟ್ಟು ಅದೇ ಚರ್ಚಿನಲ್ಲಿ ಬೆಳಿಗ್ಗೆ ಮರಾಠಿಯವರ ಜೊತೆ ಕೂತು ಹೋಗುತ್ತಿದ್ದನಂತೆ. ಹಾಗಾಗಿಯೇ ನನಗೆ ಅವನ ಮುಖ ಪರಿಚಯವಿರಲಿಲ್ಲ. ಭೋಜನ ಮಾತ್ರ ಅವನು ಅಲ್ಲಿ ತೆಗೆದುಕೊಳ್ಳುವುದಿಲ್ಲ, ಈಕೆ ಇಲ್ಲಿ ತೆಗೆದುಕೊಳ್ಳುವುದಿಲ್ಲ. ಅಂಗಳದ ಕೂಸುಗಳ ಗುಟ್ಟು ನನಗೆ ಆಗ ತಿಳಿಯಿತು. ನನಗೆ ಆಕೆಯ ಮೇಲೆ ಕೋಪವೂ ಬಂತು, ಮರುಕವೂ ಬಂತು.

ಅದಾದ ಮೇಲೆ ಎಸ್ತೇರಬಾಯಿಯ ತಿರುಗಾಟ ನಿಂತಿತು. ಮುಂದಿನ ಭೋಜನದ ಶನಿವಾರ ಬಂದದ್ದು ಮೇ ತಿಂಗಳಲ್ಲಿ, ರೈಲಿನವರ ಮುಷ್ಕರದ ನಡುವೆ. ಊರೆಲ್ಲ ತಳಮಳ. ಲೋಕಲ್ ನಂಬುವಂತಿಲ್ಲ, ಬಸ್ಸುಗಳಿಗೆ ಜನ ಜೋತುಬಿದ್ದು ಹೋಗುವರು, ಕಾರ್ಖಾನೆಗೆ ಅರ್ಧ ಮಂದಿ ಇಲ್ಲ. ಪಾದ್ರಿ ಅಯ್ಯನವರು ಬರುತ್ತಾರೋ ಇಲ್ಲವೋ ಯಾರಿಗೂ ಖಾತ್ರಿಯಿಲ್ಲ. ಬೆಳಿಗ್ಗೆ ಎಸ್ತೇರಬಾಯಿ ನಮ್ಮ ಬಾಗಿಲಿಗೆ ಬಂದಳು. ಚಹಾ ಕೊಡಹೋದರೆ ಬೇಡವೆಂದಳು.

“ಗ್ರಾಂಟ್ ರೋಡಿಗೆ ಹೋಗಿ ಬರ್ತೀನಿ.”

“ಟ್ರೇನ್ ಇಲ್ಲಲ್ರೀ ಬಾಯಾರ.”

“ಕಾಲು ಅದಾವಲ. ಬಸ್ಸು ಸಿಕ್ರ ಸಿಕ್ತು.”

ಯಾರ ಮನೆಗೆ ಎಂದು ನಾನು ಕೇಳಲಿಲ್ಲ. ಚಹಾ ಬೇಡವೆಂದಾಗಲೇ ತಿಳಿದಿತ್ತು. ಆಕೆ ಹೋದ ಮೇಲೆ ಮನೆಯೊಳಗೆ ನನ್ನ ಕಾಲು ನಿಲ್ಲಲಿಲ್ಲ. ಒಲೆಯ ಮೇಲಿನ ಸಾರು ಎರಡು ಸಲ ಉಕ್ಕಿತು. ನಡುಮಧ್ಯಾಹ್ನ ಯಾಕೋ ಹೊರಗೆ ಇಣುಕಿದರೆ, ದೇವರೇ, ಮೆಟ್ಟಿಲ ಮೇಲೆ ದಾನಪ್ಪ. ಅಂಗಿ ಬೆವರಿಗೆ ಅಂಟಿತ್ತು, ಚಪ್ಪಲಿಯ ಬಾರು ಕಿತ್ತು ಕೈಯಲ್ಲಿತ್ತು. ಪರಳದ ತನಕ ನಡೆದು, ಅಲ್ಲಿಂದ ಯಾವುದೋ ಲಾರಿ ಹತ್ತಿ, ಮತ್ತೆ ನಡೆದು ಬಂದಿದ್ದನಂತೆ. ಮೇಲಿನ ಬೀಗ ನೋಡಿ, “ಟ್ರೇನ್ ಇಲ್ಲದ ದಿನಾನೂ ಅಕ್ಕ ಹೋಗಿಬಿಟ್ಲಾ” ಎಂದ. ಅಷ್ಟು ಸೋತ ಮುಖವನ್ನು ನಾನು ಅಲ್ಲಿಯವರೆಗೆ ನೋಡಿರಲಿಲ್ಲ.

“ಅವರು ನಿಮ್ಮ ಖೋಲಿಗೇ ಹೋಗ್ಯಾರ ಕಾಕಾ,” ಎಂದೆ. “ಬೆಳಿಗ್ಗೆ ಚಹಾನೂ ಕುಡಿದಿಲ್ಲ.”

ಮೊದಲು ಅವನಿಗೆ ಅರ್ಥವಾಗಲಿಲ್ಲ. ಅರ್ಥವಾದ ಕೂಡಲೇ ಎದ್ದ. “ಹಸಿದು ಹೋಗ್ಯಾಳ? ಆಕಿ ಹಸಿವು ತಡಿಯೂದಿಲ್ಲ ತಂಗಿ. ಸಣ್ಣಾಕಿದ್ದಾಗಿಂದ ಆಕಿಗೆ ಹಸಿವಾದ್ರ ಕಣ್ಣು ಕತ್ತಲಿ ಬರತಾವ. ಬೀಗ ಹಾಕಿ ಬಂದೀನಿ ನಾನು.” ಕಿತ್ತ ಚಪ್ಪಲಿಯನ್ನು ಅಲ್ಲೇ ಬಿಟ್ಟು ಬರಿಗಾಲಲ್ಲಿ ಹೊರಟೇಬಿಟ್ಟ. ಅಷ್ಟರಲ್ಲಿ ಕೆಲಸದಿಂದ ಬಂದ ನನ್ನ ಗಂಡ ಗೇಟಿನಲ್ಲಿ ತಡೆದು, ತಮ್ಮ ಚಪ್ಪಲಿ ತೆಗೆದು ಅವನ ಕಾಲಿಗೆ ಹಾಕಿ, “ಒಬ್ಬರನ್ನ ಬಿಡಬ್ಯಾಡ, ನೀನೂ ಹೋಗು” ಎಂದು ನನಗೆ ಹೇಳಿದರು. ಒಂದು ತುತ್ತು ತಿಂದು ಹೋಗಿ ಎಂದರೆ ದಾನಪ್ಪ ಕೇಳಲಿಲ್ಲ.

ಆ ಪ್ರಯಾಣ ನನಗೆ ಇಂದಿಗೂ ಕನಸಿನಲ್ಲಿ ಬರುತ್ತದೆ. ಒಂದು ಬಸ್ಸು ಸಾಯನ್‌ವರೆಗೆ, ಅಲ್ಲಿ ಇಳಿದು ಕಾಯುವುದು, ಇನ್ನೊಂದು ದಾದರವರೆಗೆ, ಮತ್ತೆ ನಡಿಗೆ. ಎದುರಿಗೆ ಬರುವ ಪ್ರತಿ ಬಸ್ಸಿನ ಕಿಟಕಿಯಲ್ಲೂ ನಾನು ಬಿಳಿ ಸೀರೆ ಹುಡುಕುತ್ತಿದ್ದೆ. ಆಕೆ ಬೀಗ ನೋಡಿ ರೋಸಿ ವಾಪಸ್ಸು ಹೊರಟಿದ್ದರೆ? ಇಬ್ಬರೂ ಹೀಗೆಯೇ ಹಾದಿಯಲ್ಲಿ ತಪ್ಪಿಸಿಕೊಂಡರೆ? ಮನೆಯಲ್ಲಿ ನಿಂತ ಕಡೆ ನಿಲ್ಲದ ಆ ಹೆಂಗಸು ಒಂದು ಬೀಗದ ಮುಂದೆ ಇಷ್ಟು ಹೊತ್ತು ನಿಂತಾಳೇ ಎಂದು ನನಗೆ ಧೈರ್ಯವಿರಲಿಲ್ಲ. ದಾನಪ್ಪನ ಕಾಲಲ್ಲಿ ನನ್ನ ಗಂಡನ ಚಪ್ಪಲಿ ದೊಡ್ಡದಾಗಿ ಪಟಪಟ ಬಡಿಯುತ್ತಿತ್ತು.

ಬಿಸಿಲು ಇಳಿದಿತ್ತು ನಾವು ಮುಟ್ಟಿದಾಗ. ಹಳೆಯ ಚಾಳಿನ ಮೂರನೆಯ ಮಾಳಿಗೆಯ ಗ್ಯಾಲರಿಯಲ್ಲಿ, ಬೀಗ ಹಾಕಿದ ಬಾಗಿಲಿಗೆ ಬೆನ್ನು ಕೊಟ್ಟು ಎಸ್ತೇರಬಾಯಿ ನಿಂತಿದ್ದಳು. ಪಕ್ಕದ ಖೋಲಿಯ ಮರಾಠಿ ಹೆಂಗಸು ಕೈಯಲ್ಲಿ ನೀರಿನ ಲೋಟ ಹಿಡಿದು, ಮಧ್ಯಾಹ್ನದಿಂದ ಹೀಗೆಯೇ ನಿಂತಿದ್ದಾರೆ, ನೀರೂ ಬೇಡವಂತೆ, ನೀವಾದರೂ ಹೇಳಿ ಎಂದು ನನ್ನ ಹತ್ತಿರ ದೂರಿದಳು. ಎಸ್ತೇರಬಾಯಿಯ ಮುಖ ಬಿಳಚಿಕೊಂಡಿತ್ತು.

“ಎಲ್ಲಿ ಹೋಗಿದ್ದಿ?” ಎಂದಳು ತಮ್ಮನಿಗೆ.

“ನಿನ್ನ ಮನಿಗೆ.”

ಎಸ್ತೇರಬಾಯಿ, ಊರಿಗೆಲ್ಲ ಕಲಿಸಿದ ಆ ಮಾತನ್ನು ತಾನು ಹೇಳಿದಳು. ದನಿ ಸಣ್ಣಗಿತ್ತು. “ಹಸಿವಾಗೈತಿ ದಾನ್ಯಾ. ನೀಡು.”

ಅವನು ಅವಸರದಲ್ಲಿ ಬೀಗದ ಕೈಯನ್ನು ತಿರುವುಮುರುವಾಗಿ ತುರುಕಿದ, ನಾನೇ ತೆಗೆದೆ. ಒಂಟಿ ಗಂಡಸಿನ ಖೋಲಿ. ಖಾನಾವಳಿಯಲ್ಲಿ ಉಣ್ಣುವವನ ಮನೆಯಲ್ಲಿ ಒಲೆ ಎಲ್ಲಿಂದ ಬರಬೇಕು. ಮೂಲೆಯಲ್ಲಿ ಊರಿಂದ ತಂದಿಟ್ಟ ಡಬ್ಬಿಯಿತ್ತು, ಅದರಲ್ಲಿ ಕಟಕ ರೊಟ್ಟಿ, ಒಂದು ಶೀಶೆಯಲ್ಲಿ ಶೇಂಗಾ ಚಟ್ನಿ. ಒಂದೇ ತಾಟು. ತಾಟಿನಲ್ಲಿ ರೊಟ್ಟಿ ಹಾಕಿ, ಪಕ್ಕಕ್ಕೆ ಚಟ್ನಿ ಸುರಿದು ಅಕ್ಕನ ಮುಂದಿಟ್ಟ. “ನೀನೂ ಹಾಕ್ಕೋ,” ಎಂದಳು. ಅವನು ಕೈಯಲ್ಲೇ ಒಂದು ಹಿಡಿದುಕೊಂಡ. ಒಣಗಿದ ಜೋಳದ ರೊಟ್ಟಿ ಇಬ್ಬರ ಬಾಯಲ್ಲೂ ಕಟುಕಟು ಮುರಿಯುತ್ತಿತ್ತು.

ಅರ್ಧ ರೊಟ್ಟಿಯಾದ ಮೇಲೆ ಎಸ್ತೇರಬಾಯಿ ಕೇಳಿದಳು. “ಅವತ್ತ ಯಾಕ ಹೇಳಲಿಲ್ಲ?”

ರಾಜಿಯ ಊಟದಲ್ಲಿ ಇದನ್ನು ಎತ್ತಬಾರದೆಂಬುದು ಆಕೆಯದೇ ಕಟ್ಟಳೆ.

ದಾನಪ್ಪ ಬಾಯೊಳಗಿನದನ್ನು ನುಂಗಿದ. “ಮರತಿದ್ನಿ ಅಕ್ಕಾ,” ಎಂದ. “ತಾರು ಕೈಗೆ ಬಂದಕೂಡ್ಲೆ ಕಣ್ಮುಂದ ಅವ್ವ ಒಬ್ಬಾಕೀನ. ನಿನ್ನ ನೆನಪ ಬರಲಿಲ್ಲ. ಗಾಡಿ ಪುಣಾ ದಾಟಿದ ಮ್ಯಾಲ ನೆನಪಾತು. ಅದನ್ನ ಯಾವ ಬಾಯಿಲೆ ನಿನಗ ಹೇಳಲಿ? ಅವ್ವ ಜೀವಾ ಬಿಡೂ ತನಕ ನಿನ್ನನ್ನ ಕೇಳಿದಳು. ಬರಾಕ ಹತ್ಯಾಳಂತ ಅಂದೆ.”

ತಾಟು ಗೋಡೆಗೆ ಹೋಗುತ್ತದೆ ಎಂದುಕೊಂಡೆ. ಎಸ್ತೇರಬಾಯಿ ಕೈಯಲ್ಲಿದ್ದ ತುಂಡನ್ನು ಬಹಳ ಹೊತ್ತು ನೋಡಿದಳು. ಆಮೇಲೆ ಅದನ್ನು ಬಾಯಿಗಿಟ್ಟುಕೊಂಡು ಅಗಿದಳು. ಕಣ್ಣೀರು ಧಾರೆಧಾರೆಯಾಗಿ ಇಳಿಯುತ್ತಿತ್ತು, ಒರೆಸಿಕೊಳ್ಳಲಿಲ್ಲ.

“ಇನ್ನೊಂದು ರೊಟ್ಟಿ ಹಾಕು,” ಎಂದಳು.

ಮರುದಿನ ಪಾದ್ರಿ ಅಯ್ಯನವರು ಬರಲಾಗಲಿಲ್ಲ, ಭೋಜನವೂ ಇರಲಿಲ್ಲ. ಅಕ್ಕತಮ್ಮ ಇಬ್ಬರೂ ಮಧ್ಯಾಹ್ನದ ಆರಾಧನೆಗೆ ಬಂದರು. ಮಳೆ ಹಿಡಿದ ಮೇಲೆ ಅಯ್ಯನವರು ಬಂದ ಭಾನುವಾರ, ಸಾಲು ಮುಂದೆ ಸರಿಯುವಾಗ, ಎಸ್ತೇರಬಾಯಿ ಯಾರದೋ ಕೂಸನ್ನು ನನ್ನ ಮಡಿಲಿಗೆ ಹಾಕಿ, “ಹಿಡಕೋ ಪ್ರೇಮಾ, ನಾ ಹೋಗಿ ಬರ್ತೀನಿ” ಎಂದಳು. ಹೋಗಿ ತಮ್ಮನ ಪಕ್ಕದಲ್ಲಿ ಮೊಣಕಾಲೂರಿದಳು. ಅಳುವ ಕೂಸನ್ನು ಸಮಾಧಾನ ಮಾಡುತ್ತ ನಾನೂ ಅತ್ತೆ. ಶನಿವಾರದ ತಿರುಗಾಟ ಮತ್ತೆ ಶುರುವಾಯಿತು. ಹಿಂದೆ ಹಿಂದೆ ದಾನಪ್ಪ ಕೊಡೆ ಹಿಡಿದು ನಡೆಯುವನು, ಮುಂದೆ ಈಕೆ, “ಲಗೂ ಬಾರೋ, ಮಂದಿ ಉಂಡುಬಿಡ್ತಾರ” ಎಂದು ಬೈಯುತ್ತ.

ಕೆಲಸದಿಂದ ನಿವೃತ್ತಳಾದ ಮೇಲೆ ಆಕೆ ಬೆಟಗೇರಿಗೆ ಹೊರಟಳು, ದಾನಪ್ಪನೂ ಪ್ರೆಸ್ಸು ಬಿಟ್ಟು ಜೊತೆಗೆ ಹೋದ. ವಿ.ಟಿ. ಸ್ಟೇಷನ್ನಿನಲ್ಲಿ ಗಾಡಿ ಹೊರಡುವ ತನಕ ಎಸ್ತೇರಬಾಯಿ ಬಾಗಿಲಲ್ಲೇ ನಿಂತು ಯಾರ ಯಾರಿಗೋ ಏನೇನೋ ಅಪ್ಪಣೆ ಮಾಡುತ್ತಿದ್ದಳು. ನಾನು ಆಕೆಯನ್ನು ನೋಡಿದ್ದು ಅದೇ ಕಡೆ.

ಎಪ್ಪತ್ತರ ದಶಕ ಮುಗಿಯುತ್ತ ಬಂದಿತ್ತು. ಒಂದು ದಿನ ಮಧ್ಯಾಹ್ನ ಬಾಗಿಲು ತೆರೆದರೆ ದಾನಪ್ಪ, ಹೆಗಲಿಗೆ ಬಟ್ಟೆಯ ಚೀಲ, ಮೈಯೆಲ್ಲ ಧೂಳು.

“ಅಕ್ಕ ಹೋದಳು ತಂಗಿ,” ಎಂದ. “ಮಣ್ಣು ಕೊಟ್ಟು ಬಂದೆ.”

ನಾನು ಬಾಗಿಲಲ್ಲೇ ಕುಸಿದು ಅತ್ತೆ. ಅವನು ನಾನು ಅತ್ತು ಮುಗಿಸುವ ತನಕ ನಿಂತಿದ್ದ. ಆಮೇಲೆ ಸೆರಗಿನಿಂದ ಮುಖ ಒರೆಸಿಕೊಂಡು, ಈ ವಯಸ್ಸಿನಲ್ಲಿ ಇಷ್ಟು ದೂರ ಯಾಕೆ ಬಂದಿರಿ ಕಾಕಾ, ಹಿರಿಯರಿಗೆ ಒಂದು ಕಾರ್ಡು ಹಾಕಿದ್ದರೆ ಭಾನುವಾರ ಎಲ್ಲರಿಗೂ ಸಾರುತ್ತಿದ್ದರಲ್ಲ ಎಂದೆ.

“ಐತವಾರ ಎಲ್ಲಾರೂ ಬರೂದಿಲ್ಲ ತಂಗಿ. ಬರದವರಿಗೆ ಯಾರು ಹೇಳಬೇಕು?”

ಅಂಬರನಾಥದಿಂದ ಶುರು ಮಾಡಿದ್ದನಂತೆ. ಕಲ್ಯಾಣ, ಠಾಣೆ, ಮುಲುಂಡ ಮುಗಿಸಿ ಈಗ ವಿಕ್ರೋಳಿ. ಊಟಕ್ಕೆ ಹಾಕುತ್ತೇನೆ ಎಂದರೆ, ಆ ಮನೆಗಳಲ್ಲೆಲ್ಲ ಒಂದೊಂದು ತುತ್ತು ಆಗಿದೆ ಎಂದ. ನಾನು ಕೊಟ್ಟ ನೀರು ಕುಡಿದು ಚೀಲ ಎತ್ತಿಕೊಂಡ.

“ಮಾಟುಂಗಾದಾಗ ಲಿಲ್ಲಿಯಕ್ಕಗ ಇನ್ನೂ ಹೇಳಿಲ್ಲ. ಪರಳದಾಗ ಮಾಸ್ತರಿಗೆ ಹೇಳಬೇಕು. ಬರ್ತೀನಿ.”

ಮುಂದಿನ ಭಾನುವಾರ ನಾವೆಲ್ಲ ಕೂಡಿದಾಗ ಒಬ್ಬರಿಗೊಬ್ಬರು ಕೇಳಿಕೊಂಡೆವು. ಅಂಬರನಾಥದಿಂದ ಗ್ರಾಂಟ್ ರೋಡಿನ ತನಕ ದಾನಪ್ಪ ಒಂದು ಮನೆಯನ್ನೂ ಮರೆತಿರಲಿಲ್ಲ.